ಶಿಕ್ಷಕರ ಅರ್ಹತೆಯೂ ಶಿಕ್ಷಕರನ್ನು ರೂಪಿಸುವವರ ಹೊಣೆಯೂ

ಒಂದರಿಂದ ಎಂಟನೆಯ ತರಗತಿಯವರೆಗೆ ಪಾಠ ಹೇಳುವವರೆಲ್ಲರೂ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ, ಅಂದರೆ ಟಿಇಟಿಯಲ್ಲಿ, ಉತ್ತೀರ್ಣರಾಗಿರಲೇಬೇಕೆಂದು ಸರ್ವೋಚ್ಚ ನ್ಯಾಯಾಲಯವು 2025ರ ಸೆಪ್ಟೆಂಬರ್ 1ರಂದು ತೀರ್ಪಿತ್ತಿದೆ. ನ್ಯಾಯಮೂರ್ತಿ ದೀಪಂಕರ್ ದತ್ತಾ ಅವರನ್ನೊಳಗೊಂಡ ಪೀಠ ನೀಡಿದ ಈ ತೀರ್ಪಿನಂತೆ, ಶಿಕ್ಷಣ ಹಕ್ಕು ಕಾಯ್ದೆಗೆ ಮೊದಲೇ ನೇಮಕಗೊಂಡು ಇನ್ನೂ ಐದು ವರ್ಷಕ್ಕಿಂತ ಹೆಚ್ಚಿನ ಸೇವೆ ಉಳಿದಿರುವವರು ಎರಡು ವರ್ಷಗಳೊಳಗೆ ಈ ಪರೀಕ್ಷೆಯನ್ನು ದಾಟಬೇಕು. ಆಗದಿದ್ದರೆ ತಾವಾಗಿಯೇ ಸೇವೆಯನ್ನು ತೊರೆಯಬೇಕು, ಇಲ್ಲವೇ ನಿವೃತ್ತಿ ಸೌಲಭ್ಯಗಳೊಡನೆ ಕಡ್ಡಾಯವಾಗಿ ನಿವೃತ್ತರಾಗಬೇಕು. ಐದು ವರ್ಷಕ್ಕಿಂತ ಕಡಿಮೆ ಸೇವೆ ಉಳಿದವರು ಮುಂದುವರಿಯಬಹುದು. ಆದರೆ ಬಡ್ತಿ ಬೇಕೆಂದರೆ ಅವರಿಗೂ ಪರೀಕ್ಷೆ ತಪ್ಪಿದ್ದಲ್ಲ. ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಕಾಯ್ದೆಯು ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಯನ್ನು ಮಾತ್ರ ಪೀಠವು ವಿಸ್ತೃತ ಪೀಠದ ಪರಿಶೀಲನೆಗೆ ಬಿಟ್ಟಿದೆ.

ಸರ್ಕಾರಿ ಶಾಲೆಯ ಶಿಕ್ಷಕರ ಕಷ್ಟವಿದು, ಮಠಗಳಿಗೂ ಇದಕ್ಕೂ ಏನು ಸಂಬಂಧ ಎಂದು ಸದ್ಭಕ್ತರಲ್ಲಿ ಕೆಲವರು ಕೇಳಿದ್ದುಂಟು. ಸಂಬಂಧ ಎರಡು ಬಗೆಯದು. ನಮ್ಮ ಮಠಮಾನ್ಯಗಳು ನಡೆಸುವ ಅನುದಾನಿತ ಮತ್ತು ಅನುದಾನರಹಿತ ಪ್ರಾಥಮಿಕ ಶಾಲೆಗಳು ನಾಡಿನ ಮೂಲೆಮೂಲೆಯಲ್ಲಿವೆ. ಲಿಂಗಾಯತ ಸಂಸ್ಥೆಗಳಿಗೆ ಧಾರ್ಮಿಕ ಅಲ್ಪಸಂಖ್ಯಾತ ಮಾನ್ಯತೆ ಇಲ್ಲದಿರುವುದರಿಂದ ತೀರ್ಪು ಅವುಗಳಿಗೆ ನೇರವಾಗಿ ಅನ್ವಯಿಸುತ್ತದೆ. ಎರಡನೆಯದು ಇನ್ನೂ ಗಂಭೀರವಾದುದು. ಶಿಕ್ಷಕರನ್ನು ತಯಾರಿಸುವ ಬಿ.ಎಡ್. ಮತ್ತು ಡಿ.ಎಲ್.ಎಡ್. ಕಾಲೇಜುಗಳನ್ನೂ ನಾವೇ ನಡೆಸುತ್ತಿದ್ದೇವೆ. ಶಿಕ್ಷಕನ ಅರ್ಹತೆಯನ್ನು ಕುರಿತ ಚರ್ಚೆಯಲ್ಲಿ ನಾವು ಕೇವಲ ನೋಡುಗರಲ್ಲ.

ಮೊದಲು ಶಿಕ್ಷಕರ ಅಳಲನ್ನು ಕೇಳೋಣ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದರ 23ನೆಯ ಕಲಮಿನ ಅಧಿಕಾರದಿಂದ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು, ಎನ್‌ಸಿಟಿಇ, ಅದೇ ವರ್ಷದ ಆಗಸ್ಟ್ 23ರಂದು ಅಧಿಸೂಚನೆ ಹೊರಡಿಸಿ ಟಿಇಟಿಯನ್ನು ಕಡ್ಡಾಯಗೊಳಿಸಿತು. ಅದಕ್ಕೂ ಮೊದಲು ನಿಯಮಾನುಸಾರ ನೇಮಕಗೊಂಡವರಿಗೆ ಆ ಅಧಿಸೂಚನೆಯಲ್ಲೇ ವಿನಾಯಿತಿ ಇತ್ತು. ಟಿ.ಸಿ.ಎಚ್. ಮುಗಿಸಿ, ಅಂದಿನ ನೇಮಕಾತಿ ವಿಧಾನದಲ್ಲಿ ಆಯ್ಕೆಯಾಗಿ, ಇಪ್ಪತ್ತು ಇಪ್ಪತ್ತೈದು ವರ್ಷ ದುಡಿದವರು ತಮ್ಮ ಅರ್ಹತೆಯ ಪ್ರಶ್ನೆ ಮುಗಿದ ಅಧ್ಯಾಯವೆಂದು ನಂಬಿದ್ದರು. 2017ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, ಕನಿಷ್ಠ ಅರ್ಹತೆ ಇಲ್ಲದವರೆಲ್ಲ 2019ರ ಮಾರ್ಚ್ ಒಳಗೆ ಅದನ್ನು ಪಡೆಯಬೇಕೆಂದಾಗಲೂ, ಅದು ತರಬೇತಿಯೇ ಇಲ್ಲದವರಿಗೆ ಹೇಳಿದ ಮಾತೆಂದು ಬಹುತೇಕರು ತಿಳಿದರು. ಕನಿಷ್ಠ ಅರ್ಹತೆಯಲ್ಲಿ ಟಿಇಟಿಯೂ ಸೇರಿದೆ ಎಂದು ನ್ಯಾಯಾಲಯ ಈಗ ಸ್ಪಷ್ಟಪಡಿಸಿದೆ. ಆಟದ ನಡುವೆ ನಿಯಮ ಬದಲಾಯಿತೆಂಬ ನೋವು ಅವರದು. ಅದು ಹುಸಿ ನೋವಲ್ಲ. ಉತ್ತರ ಪ್ರದೇಶ, ತಮಿಳುನಾಡು ಸರ್ಕಾರಗಳೇ ಪುನರ್‌ಪರಿಶೀಲನೆಯ ದಾರಿ ಹಿಡಿದಿರುವುದಕ್ಕೂ ಇದೇ ಕಾರಣ.

ಮತ್ತೊಂದು ಮಗ್ಗುಲೂ ಇದೆ. ಮಗುವಿನ ಶಿಕ್ಷಣದ ಹಕ್ಕೆಂದರೆ ಒಳ್ಳೆಯ ಶಿಕ್ಷಕನಿಂದ ಕಲಿಯುವ ಹಕ್ಕೂ ಹೌದು ಎಂಬ ನ್ಯಾಯಾಲಯದ ನಿಲುವನ್ನು ಯಾರೂ ಅಲ್ಲಗಳೆಯಲಾರರು. ಅಷ್ಟಾವರಣದಲ್ಲಿ ಗುರುವಿಗೆ ಮೊದಲ ಸ್ಥಾನವನ್ನಿತ್ತ ಪರಂಪರೆ ನಮ್ಮದು. ಗುರುವಾಗುವವನಿಗೆ ಯೋಗ್ಯತೆ ಬೇಕೆಂಬುದನ್ನು ನಮಗೆ ಹೊರಗಿನವರು ಕಲಿಸಬೇಕಿಲ್ಲ. ಪ್ರಶ್ನೆ ಇರುವುದು ಆ ಯೋಗ್ಯತೆಯನ್ನು ಎಲ್ಲಿ, ಹೇಗೆ ಅಳೆಯುವುದು ಎಂಬಲ್ಲಿ.

ಟಿಇಟಿಯಲ್ಲಿ 150 ಅಂಕಗಳಿಗೆ 150 ಬಹು ಆಯ್ಕೆಯ ಪ್ರಶ್ನೆಗಳು. ಒಂದರಿಂದ ಐದನೆಯ ತರಗತಿಯ ಶಿಕ್ಷಕರಿಗೆ ಮೊದಲ ಪತ್ರಿಕೆ: ಶಿಶುವಿಕಸನ ಮತ್ತು ಬೋಧನಾಶಾಸ್ತ್ರ, ಎರಡು ಭಾಷೆಗಳು, ಗಣಿತ, ಪರಿಸರ ಅಧ್ಯಯನ, ಒಂದೊಂದಕ್ಕೆ 30 ಅಂಕ. ಆರರಿಂದ ಎಂಟನೆಯ ತರಗತಿಯವರಿಗೆ ಎರಡನೆಯ ಪತ್ರಿಕೆ. ಸಾಮಾನ್ಯ ವರ್ಗದವರಂತೆ 3ಬಿ ಪ್ರವರ್ಗದವರೂ ಉತ್ತೀರ್ಣರಾಗಲು ಶೇ 60, ಅಂದರೆ 90 ಅಂಕ ಪಡೆಯಬೇಕು. ಪಠ್ಯವಸ್ತುವಿನ ಜ್ಞಾನ ಇದೆಯೇ, ಮಕ್ಕಳ ಮನೋವಿಕಾಸದ ಪರಿಭಾಷೆ ಗೊತ್ತಿದೆಯೇ ಎಂಬುದನ್ನು ಇದು ತಕ್ಕಮಟ್ಟಿಗೆ ಅಳೆಯುತ್ತದೆ. ಆದರೆ ನಲಿ-ಕಲಿ ತರಗತಿಯೊಂದನ್ನು ಕಲ್ಪಿಸಿಕೊಳ್ಳಿ. 1990ರ ದಶಕದಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ನಾಡಿಗೆಲ್ಲ ಹಬ್ಬಿದ ಪದ್ಧತಿಯಿದು. ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ಕುಳಿತಿರುತ್ತಾರೆ. ಒಂದು ಗುಂಪು ಅಕ್ಷರ ತಿದ್ದುತ್ತಿರುತ್ತದೆ, ಇನ್ನೊಂದು ಕೂಡುವ ಲೆಕ್ಕದಲ್ಲಿ ತೊಡಗಿರುತ್ತದೆ, ಮೂಲೆಯಲ್ಲೊಂದು ಮಗು ಅಳುತ್ತಿರುತ್ತದೆ. ಇವೆಲ್ಲವನ್ನೂ ಒಟ್ಟಿಗೆ ನಿಭಾಯಿಸುವ ಕೌಶಲ ಓಎಂಆರ್ ಹಾಳೆಯ ಮೇಲೆ ಕಾಣಿಸುವುದಿಲ್ಲ. ಅದು ಕಾಣಿಸಬೇಕಾದದ್ದು, ಬೆಳೆಯಬೇಕಾದದ್ದು ತರಬೇತಿ ಕಾಲೇಜಿನಲ್ಲಿ.

ಆ ಕಾಲೇಜುಗಳ ಸ್ಥಿತಿ ಹೇಗಿದೆ? ಸರ್ವೋಚ್ಚ ನ್ಯಾಯಾಲಯವೇ ನೇಮಿಸಿದ್ದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲೇ ಇದನ್ನು ಪರಿಶೀಲಿಸಿತು. ದೇಶದ ಹತ್ತು ಸಾವಿರಕ್ಕೂ ಹೆಚ್ಚಿನ ಬಿಡಿ ಶಿಕ್ಷಕ ಶಿಕ್ಷಣ ಸಂಸ್ಥೆಗಳಲ್ಲಿ ಬಹುಪಾಲು ಗಂಭೀರ ತರಬೇತಿಯ ಗೊಡವೆಗೇ ಹೋಗದೆ ಪದವಿಗಳನ್ನು ಹಣಕ್ಕೆ ಮಾರುತ್ತಿವೆ ಎಂಬ ಕಟುಮಾತು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಆ ಆಯೋಗದ ಹೆಸರಿನಲ್ಲೇ ದಾಖಲಾಗಿದೆ. ಸರ್ಕಾರದ ನೀತಿಪತ್ರವೊಂದು ತನ್ನ ವ್ಯವಸ್ಥೆಯ ಬಗ್ಗೆ ಇಷ್ಟು ನೇರವಾಗಿ ಮಾತನಾಡುವುದು ಅಪರೂಪ.

ನಿಯಮಗಳಿಗೆ ಕೊರತೆಯೇನೂ ಇರಲಿಲ್ಲ. ಎನ್‌ಸಿಟಿಇಯ 2014ರ ನಿಯಮಾವಳಿ ಬಿ.ಎಡ್. ಅವಧಿಯನ್ನು ಒಂದು ವರ್ಷದಿಂದ ಎರಡಕ್ಕೆ ಏರಿಸಿತು. ವರ್ಷಕ್ಕೆ 200 ಕೆಲಸದ ದಿನಗಳು, ತರಗತಿ ಪಾಠಗಳಿಗೆ ಶೇ 80 ಮತ್ತು ಶಾಲಾ ಇಂಟರ್ನ್‌ಶಿಪ್‌ಗೆ ಶೇ 90 ಹಾಜರಾತಿ, ಎರಡು ವರ್ಷಗಳಲ್ಲಿ ಒಟ್ಟು 20 ವಾರಗಳ ಶಾಲಾ ಅನುಭವ ಎಂದು ವಿಧಿಸಿತು. ಇಷ್ಟನ್ನು ಪ್ರಾಮಾಣಿಕವಾಗಿ ಪಾಲಿಸಿದ ಕಾಲೇಜಿನಿಂದ ಹೊರಬಂದ ಪ್ರಶಿಕ್ಷಣಾರ್ಥಿಗೆ ಟಿಇಟಿ ಭಯ ಹುಟ್ಟಿಸಬೇಕಾದ ಕಾರಣವಿಲ್ಲ. ಆದರೆ ನಡೆಯುತ್ತಿರುವುದನ್ನು ಊರಿನವರೆಲ್ಲ ಬಲ್ಲರು. ಪ್ರವೇಶದ ಹೊತ್ತಿನಲ್ಲೇ, ಪರೀಕ್ಷೆಗೆ ಬಂದರೆ ಸಾಕೆಂಬ ಒಪ್ಪಂದವಾಗುತ್ತದೆ. ಬರದವರ ಹಾಜರಾತಿಗೆ ಬೇರೆಯದೇ ಶುಲ್ಕ. ಪಾಠಯೋಜನೆಯ ಪುಸ್ತಕಗಳನ್ನು ದುಡ್ಡಿಗೆ ಬರೆದುಕೊಡುವವರಿದ್ದಾರೆ. ಇಂಟರ್ನ್‌ಶಿಪ್ ಮಾಡಿದ ಶಾಲೆಯ ಮುಖ್ಯೋಪಾಧ್ಯಾಯರ ರುಜು ಒಂದೇ ದಿನದಲ್ಲಿ ದೊರಕುತ್ತದೆ. ಎಲ್ಲ ಕಾಲೇಜುಗಳೂ ಹೀಗೆಂದು ನಾವು ಹೇಳುತ್ತಿಲ್ಲ. ಆದರೆ ನಮ್ಮ ಸಮಾಜದ ಆಡಳಿತ ಮಂಡಳಿಗಳಲ್ಲಿ ಯಾವುದೂ ಹೀಗಿಲ್ಲ ಎಂದು ಎದೆತಟ್ಟಿ ಹೇಳುವ ಧೈರ್ಯವೂ ನಮಗಿಲ್ಲ. ದಾಸೋಹದ ಹೆಸರಿನಲ್ಲಿ ನಡೆಯುವ ಸಂಸ್ಥೆಯಲ್ಲಿ ಹಾಜರಾತಿ ಮಾರಾಟವಾದರೆ ಅದನ್ನು ಬೇರಾವ ಹೆಸರಿನಿಂದಲೂ ಮುಚ್ಚಲಾಗದು.

ಎನ್‌ಸಿಟಿಇಗೆ ಶಾಸನಬದ್ಧ ಅಧಿಕಾರ ಬಂದದ್ದು 1995ರಲ್ಲಿ. ಮಾನ್ಯತೆ ನೀಡುವುದು ಅದರ ಕೆಲಸ. ಸಂಯೋಜನೆ ನೀಡಿ, ಪರೀಕ್ಷೆ ನಡೆಸಿ ಪದವಿ ಕೊಡುವುದು ವಿಶ್ವವಿದ್ಯಾಲಯದ ಕೆಲಸ. ನೇಮಕಾತಿ ರಾಜ್ಯ ಸರ್ಕಾರದ್ದು. ಕಾಲೇಜು ಕೆಟ್ಟಾಗ ಮೂವರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ. ಕೊನೆಗೆ ಪರೀಕ್ಷೆಗೆ ಕೂರಬೇಕಾದವನು ಮಾತ್ರ ಶಿಕ್ಷಕ.

ಈ ಗೊಂದಲದ ಇನ್ನೊಂದು ಉದಾಹರಣೆ ಬಿ.ಎಡ್. ಪದವೀಧರರ ಪಾಡು. 2018ರ ಜೂನ್ 28ರಂದು ಎನ್‌ಸಿಟಿಇಯು, ಬಿ.ಎಡ್. ಮಾಡಿದವರೂ ಒಂದರಿಂದ ಐದನೆಯ ತರಗತಿಗೆ ಶಿಕ್ಷಕರಾಗಬಹುದು, ನೇಮಕದ ನಂತರ ಆರು ತಿಂಗಳ ಸೇತುಬಂಧ ತರಬೇತಿ ಪಡೆದರಾಯಿತು ಎಂದಿತು. ಅದನ್ನು ನಂಬಿ ಲಕ್ಷಾಂತರ ಯುವಜನರು ಬಿ.ಎಡ್. ಸೇರಿದರು. ರಾಜಸ್ಥಾನ ಹೈಕೋರ್ಟ್ ಅಧಿಸೂಚನೆಯನ್ನು ರದ್ದುಮಾಡಿತು. 2023ರ ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ಪುಟ್ಟ ಮಕ್ಕಳಿಗೆ ಕಲಿಸುವ ಕಲೆಯೇ ಬೇರೆ, ಅದಕ್ಕೆಂದೇ ಇರುವುದು ಡಿ.ಎಲ್.ಎಡ್. ಎಂಬ ನ್ಯಾಯಾಲಯದ ತರ್ಕ ಸರಿಯಾದದ್ದು. ಆದರೆ ಆ ವೇಳೆಗೆ ನೇಮಕಾತಿಯಿಲ್ಲದೆ, ವಿದ್ಯಾರ್ಥಿಗಳಿಲ್ಲದೆ ನಮ್ಮ ರಾಜ್ಯದ ಡಿ.ಎಡ್. ಕಾಲೇಜುಗಳು ಒಂದೊಂದಾಗಿ ಬಾಗಿಲು ಹಾಕಿಯಾಗಿತ್ತು. ಬೇಕಾದ ತರಬೇತಿಗೆ ಕಾಲೇಜಿಲ್ಲ, ಇರುವ ಕಾಲೇಜಿನ ತರಬೇತಿಗೆ ಹುದ್ದೆಯಿಲ್ಲ.

ಶಿಕ್ಷಕರನ್ನು ರೂಪಿಸುವ ಕೆಲಸವನ್ನು ಗೌರವದಿಂದ ಮಾಡಿದ ಕಾಲವೊಂದು ನಮ್ಮಲ್ಲಿ ಇತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ, ಮುಂಬಯಿ ಪ್ರಾಂತದ ಆಡಳಿತದಲ್ಲಿ ಮರಾಠಿಯದೇ ಮೇಲುಗೈ ಇದ್ದಾಗ, ಧಾರವಾಡದ ನಾರ್ಮಲ್ ಶಾಲೆಯ ಮುಖ್ಯಸ್ಥರಾಗಿದ್ದ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗೆ ಬೇಕಾದ ಕನ್ನಡ ಶಿಕ್ಷಕರನ್ನು ಸಿದ್ಧಪಡಿಸುವುದನ್ನೇ ಕಾಯಕವಾಗಿಸಿಕೊಂಡರು. ಶಿಕ್ಷಕರಿಗೆಂದೇ 1865ರಲ್ಲಿ ಪತ್ರಿಕೆಯೊಂದು ಹೊರಟಿತು. ಅದರ ಹೆಸರು ‘ಮಠಪತ್ರಿಕೆ’. ಶಾಲೆಯನ್ನು ಮಠವೆಂದು ಕರೆಯುತ್ತಿದ್ದ ಕಾಲವದು. ಸಾಲಿಮಠವೆಂಬ ಅಡ್ಡಹೆಸರು ಇಂದಿಗೂ ಉಳಿದಿರುವುದು ಹಾಗೆಯೇ. ಅದೇ ಪತ್ರಿಕೆ ಹೆಸರು ಬದಲಿಸಿಕೊಂಡು ‘ಜೀವನ ಶಿಕ್ಷಣ’ವಾಗಿ ಧಾರವಾಡದ ಡಯಟ್‌ನಿಂದ ಮುಂದುವರಿದು ಬಂದಿದೆ. ಕನ್ನಡ ನಾಡಿನ ಉತ್ತರಭಾಗ ಕನ್ನಡವಾಗಿ ಉಳಿದದ್ದರಲ್ಲಿ ಆ ತರಬೇತಿ ಶಾಲೆಯ ಪಾಲು ದೊಡ್ಡದು.

ಇನ್ನು ಮುಂದಿನ ದಾರಿ. 2030ರ ಹೊತ್ತಿಗೆ ಪಿಯುಸಿ ನಂತರದ ನಾಲ್ಕು ವರ್ಷಗಳ ಸಮಗ್ರ ಬಿ.ಎಡ್. ಪದವಿಯೇ ಶಿಕ್ಷಕನ ಕನಿಷ್ಠ ಅರ್ಹತೆಯಾಗಬೇಕು, ಶಿಕ್ಷಕ ಶಿಕ್ಷಣವು ಬಹುಶಿಸ್ತೀಯ ಸಂಸ್ಥೆಗಳಲ್ಲಿ ಮಾತ್ರ ನಡೆಯಬೇಕು ಎಂಬುದು ರಾಷ್ಟ್ರೀಯ ಶಿಕ್ಷಣ ನೀತಿಯ ಗುರಿ. ಪ್ರಾಯೋಗಿಕವಾಗಿ 2023-24ರಲ್ಲಿ ದೇಶದ 57 ಸಂಸ್ಥೆಗಳಲ್ಲಿ ಈ ಪದವಿಗೆ ಚಾಲನೆ ದೊರೆಯಿತು. ಇದನ್ನು ಹೊಚ್ಚಹೊಸ ಚಿಂತನೆಯೆಂದು ಬಣ್ಣಿಸುವವರು ಮೈಸೂರಿನತ್ತ ನೋಡಬೇಕು. ಅಲ್ಲಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಆರಂಭವಾದದ್ದು 1963ರಲ್ಲಿ. ವಿಜ್ಞಾನ ಮತ್ತು ಬೋಧನಾಶಾಸ್ತ್ರವನ್ನು ಒಟ್ಟಿಗೆ ಕಲಿಸುವ ನಾಲ್ಕು ವರ್ಷಗಳ ಪದವಿಯನ್ನು ಅದು ಅಂದಿನಿಂದ ನಡೆಸಿಕೊಂಡು ಬಂದಿದೆ. ಅದರ ಆವರಣದೊಳಗೇ ಪ್ರಾಯೋಗಿಕ ಶಾಲೆಯೂ ಇದೆ. ಮಾದರಿ ಕಣ್ಣೆದುರಿಗಿದ್ದರೂ ಅದನ್ನು ಹರಡುವ ಮನಸ್ಸು ಸರ್ಕಾರಗಳಿಗೆ ಬರಲಿಲ್ಲ, ಬಿಡಿ ಕಾಲೇಜುಗಳಿಗೆ ಅನುಮತಿ ನೀಡುವುದೇ ಸುಲಭವೆನಿಸಿತು.

ಮಠಗಳ ಸಂಸ್ಥೆಗಳಿಗೆ ಇಲ್ಲೊಂದು ಅನುಕೂಲವಿದೆ. ಬಾಡಿಗೆ ಕಟ್ಟಡದಲ್ಲಿ ಬಿ.ಎಡ್. ಒಂದನ್ನೇ ನಡೆಸುವವರಿಗೆ ಬಹುಶಿಸ್ತೀಯವಾಗುವುದು ದುಸ್ಸಾಧ್ಯ. ನಮ್ಮ ಅನೇಕ ಆವರಣಗಳಲ್ಲಾದರೋ ಪ್ರಾಥಮಿಕ ಶಾಲೆ, ಪ್ರೌಢಶಾಲೆ, ಪ್ರಥಮ ದರ್ಜೆ ಕಾಲೇಜು, ಬಿ.ಎಡ್. ಕಾಲೇಜು, ಪ್ರಸಾದ ನಿಲಯ ಎಲ್ಲವೂ ಒಂದೇ ಕಾಂಪೌಂಡಿನೊಳಗಿವೆ. ಆದರೂ ಪದವಿ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರು ಬಿ.ಎಡ್. ತರಗತಿಗೆ ಕಾಲಿಡುವುದಿಲ್ಲ; ಪಕ್ಕದಲ್ಲೇ ಇರುವ ಪ್ರಾಥಮಿಕ ಶಾಲೆಗೆ ಪ್ರಶಿಕ್ಷಣಾರ್ಥಿಗಳು ಬರುವುದು ಬೋಧನಾಭ್ಯಾಸದ ದಿನಗಳಲ್ಲಿ ಮಾತ್ರ, ಅದೂ ಚಾರ್ಟು ತೂಗುಹಾಕಿ ಫೋಟೊ ತೆಗೆಸಿಕೊಳ್ಳುವಷ್ಟು ಹೊತ್ತು.

ತೀರ್ಪಿನಲ್ಲಿರುವ ಗಡುವು ಮುಗಿಯುವುದು 2027ರ ಆಗಸ್ಟ್ ಅಂತ್ಯಕ್ಕೆ, ಅಂದರೆ ಶಾಲೆಗಳು ತೆರೆದು ಮೂರು ತಿಂಗಳಾದಾಗ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಒಬ್ಬರು ನಡುವರ್ಷದಲ್ಲಿ ಹೊರಟರೆ ಆ ಮಕ್ಕಳ ಗತಿಯೇನೆಂದು ಆಡಳಿತ ಮಂಡಳಿಗಳು ಈಗಲೇ ಯೋಚಿಸಬೇಕು. ಪುನರ್‌ಪರಿಶೀಲನೆಯ ಫಲಕ್ಕಾಗಿ ಕೈಕಟ್ಟಿ ಕಾಯುವುದು ಜಾಣತನವಲ್ಲ. ತಮ್ಮ ಶಾಲೆಗಳಲ್ಲಿ ಟಿಇಟಿ ಆಗಬೇಕಾದವರು ಯಾರು, ಅವರಿಗೆ ಉಳಿದ ಸೇವೆ ಎಷ್ಟು ಎಂಬ ಪಟ್ಟಿ ಮೊದಲು ಸಿದ್ಧವಾಗಲಿ. ಬಿ.ಎಡ್. ಕಾಲೇಜಿನ ಅಧ್ಯಾಪಕರು ಶನಿವಾರ ಮಧ್ಯಾಹ್ನ ಮತ್ತು ರಜಾದಿನಗಳಲ್ಲಿ ಈ ಶಿಕ್ಷಕರಿಗೆ ಶುಲ್ಕವಿಲ್ಲದೆ ಪಾಠ ಮಾಡಲಿ. ಐವತ್ತು ದಾಟಿದವರಿಗೆ ಗಣಿತ ಮತ್ತು ಇಂಗ್ಲಿಷ್ ಭಾಗವೇ ತೊಡಕಾಗುವುದರಿಂದ ಅಲ್ಲಿಂದಲೇ ಆರಂಭಿಸಿದರೆ ಒಳಿತು. ಬದಲಿಗೆ ಆ ಹಿರಿಯ ಶಿಕ್ಷಕರು ಪ್ರಶಿಕ್ಷಣಾರ್ಥಿಗಳನ್ನು ತಮ್ಮ ತರಗತಿಯಲ್ಲಿ ಕೂರಿಸಿಕೊಂಡು, ಇಪ್ಪತ್ತು ವಾರಗಳ ಅನುಭವವನ್ನು ನಿಜಕ್ಕೂ ಇಪ್ಪತ್ತು ವಾರವಾಗಿಸಲಿ. ಒಂದು ಎಚ್ಚರ ಬೇಕು: ಶಿಕ್ಷಕರ ಕೊರತೆಯಿದೆಯೆಂದು ಪ್ರಶಿಕ್ಷಣಾರ್ಥಿಗಳನ್ನೇ ಸಂಬಳವಿಲ್ಲದ ಶಿಕ್ಷಕರನ್ನಾಗಿ ಬಳಸಿಕೊಳ್ಳುವ ಚಾಳಿ ಕೆಲವೆಡೆ ಈಗಾಗಲೇ ಇದೆ, ಅದು ಇನ್ನೊಂದು ಬಗೆಯ ವಂಚನೆ. ಈ ಬಾರಿಯ ಬಿ.ಎಡ್. ಪ್ರವೇಶದ ಹೊತ್ತಿಗಾದರೂ, ತರಗತಿಗೆ ಬರಲು ಆಗದೆಂದು ಮೊದಲೇ ಹೇಳುವ ಅಭ್ಯರ್ಥಿಗೆ ಸೀಟು ನಿರಾಕರಿಸುವ ನಿರ್ಣಯವನ್ನು ನಮ್ಮ ಮಂಡಳಿಗಳು ಕೈಗೊಂಡು, ಸೀಟು ಖಾಲಿ ಉಳಿದರೂ ಸರಿ ಎಂದು ನಡಾವಳಿ ಪುಸ್ತಕದಲ್ಲಿ ಬರೆದಿಡಲಿ.