ಫ್ಲಾರೆನ್ಸ್‌ಗೆ ಆರು ತಿಂಗಳ ಸಿದ್ಧತೆ, ಗದಗಕ್ಕೆ ಅರ್ಧ ಗಂಟೆ

ಗದಗ: ಬೆಂಗಳೂರು, ಹುಬ್ಬಳ್ಳಿ, ಮೈಸೂರಿನ ಕುಟುಂಬಗಳು ಬೇಸಿಗೆ ರಜೆಗೆ ಇಟಲಿಗೆ ಹೊರಡುವುದು ಈಗ ಸುದ್ದಿಯಾಗಿ ಉಳಿದಿಲ್ಲ. ಆರು ತಿಂಗಳ ಮೊದಲೇ ವಿಮಾನದ ಟಿಕೆಟ್, ವೀಸಾ, ಹೋಟೆಲ್ ಎಂದು ಸಿದ್ಧತೆ ಆರಂಭವಾಗುತ್ತದೆ. ಮಿಲಾನ್ ನಗರದಲ್ಲಿ ಲಿಯೊನಾರ್ಡೊ ಗೋಡೆಯ ಮೇಲೆ ಬರೆದ 'ಕೊನೆಯ ಭೋಜನ'ದ ಮುಂದೆ ನಿಲ್ಲಲು ದೊರೆಯುವುದು ಹದಿನೈದೇ ನಿಮಿಷ. ಅದಕ್ಕೂ ಮೊದಲೇ ಸಮಯ ಕಾದಿರಿಸಬೇಕು. ಅಷ್ಟು ಕಷ್ಟಪಟ್ಟು ಹೋದವರು ಚಿತ್ರದ ಬಗ್ಗೆ ನಾಲ್ಕು ಪುಟವನ್ನಾದರೂ ಓದಿಕೊಂಡೇ ಹೋಗಿರುತ್ತಾರೆ. ಇದೇ ಕುಟುಂಬಗಳು ಹುಬ್ಬಳ್ಳಿಯಿಂದ ಹಂಪಿಗೆ ಕಾರಿನಲ್ಲಿ ಹೊರಟಾಗ ಗದಗದಲ್ಲಿ ನಿಲ್ಲುವುದು ಗಿರ್ಮಿಟ್ಟು ಮಿರ್ಚಿ-ಭಜಿಗೆ. ಹೆಚ್ಚೆಂದರೆ ಅರ್ಧ ಗಂಟೆ.

ಇದಕ್ಕೆ ಪ್ರವಾಸಿಗರನ್ನಷ್ಟೇ ದೂರಿ ಪ್ರಯೋಜನವಿಲ್ಲ. ಹಂಪಿ 1986ರಲ್ಲಿ, ಪಟ್ಟದಕಲ್ಲು 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳಿಗೂ ಆ ಗೌರವ ಸಂದಿತು. ರಾಷ್ಟ್ರಕೂಟರಿಂದ ಕಲ್ಯಾಣ ಚಾಲುಕ್ಯರವರೆಗಿನ ನಡುವಿನ ಶತಮಾನಗಳ ಕಥೆ ಹೇಳುವ ಗದಗ ಸೀಮೆ ಮಾತ್ರ ಎರಡು ದೊಡ್ಡ ಹೆಸರುಗಳ ಮಧ್ಯದ ಹಾದಿಯಾಗಿ ಉಳಿಯಿತು. 1997ರವರೆಗೆ ಇದು ಧಾರವಾಡ ಜಿಲ್ಲೆಯ ಒಂದು ಭಾಗ. ಪ್ರತ್ಯೇಕ ಜಿಲ್ಲೆಯಾದ ಮೇಲೂ ಕಚೇರಿಗಳು ಬಂದಷ್ಟು ಬೇಗ ಪ್ರವಾಸಿಗರು ಬರಲಿಲ್ಲ.

ಮೂಲ ತೊಡಕು ಬೇರೆಯೇ ಇದೆ. ಹಂಪಿಯ ಕಲ್ಲಿನ ರಥದಂತೆ ನೋಟಿನ ಮೇಲೆ ಅಚ್ಚಾಗುವ ಒಂದು ಸ್ಮಾರಕ ಗದಗದಲ್ಲಿಲ್ಲ. ಇಲ್ಲಿರುವುದು ಒಂದು ಭಾಷೆಯ ಹುಟ್ಟೂರು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳಿನ ಪ್ರದೇಶವನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಒಕ್ಕುಂದಗಳ ಜತೆಗೆ ಪುಲಿಗೆರೆಯನ್ನು ಹೆಸರಿಸುತ್ತದೆ. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿದ್ದ ಪಂಪ ಸುಮಾರು 941ರಲ್ಲಿ ಭಾರತವನ್ನು ಬರೆದಾಗ ತನ್ನ ಕಾವ್ಯದ ಭಾಷೆ ಪುಲಿಗೆರೆಯ ಕನ್ನಡ ಎಂದು ಹೇಳಿಕೊಂಡ. ಗದಗದಿಂದ 12 ಕಿ.ಮೀ. ದೂರದ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ಅತ್ತಿಮಬ್ಬೆ 993ರಲ್ಲಿ ರನ್ನನಿಂದ ಅಜಿತಪುರಾಣ ಬರೆಯಿಸಿದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಅಚ್ಚುಕೂಟವಿಲ್ಲದ ಕಾಲದ ಈ ಪ್ರಕಾಶನ ಸಾಹಸಕ್ಕೆ ಹೋಲಿಕೆ ಹುಡುಕುವುದು ಕಷ್ಟ. ಗದಗ ತಾಲೂಕಿನ ಮುಳಗುಂದದಲ್ಲಿ ನಯಸೇನ 1112ರಲ್ಲಿ ಧರ್ಮಾಮೃತವನ್ನು ಮುಗಿಸಿದ. ಅದಾದ ಮೂರು ಶತಮಾನಗಳ ಅನಂತರ ಕುಮಾರವ್ಯಾಸ ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ ಕುಳಿತು ಭಾರತವನ್ನು ಹಾಡಿದ. ಅವನು ಒರಗಿ ಕುಳಿತನೆನ್ನುವ ಕಂಬವನ್ನು ಇಂದಿಗೂ ತೋರಿಸುತ್ತಾರೆ.

ಇಟಲಿಯ ಮಾತು ಬಂದಿರುವುದರಿಂದ ಒಂದು ಹೋಲಿಕೆ. ಟಸ್ಕನಿಯ ಆಡುನುಡಿಗೆ ಕಾವ್ಯದ ಘನತೆ ತಂದ ಡಾಂಟೆಯನ್ನು ಫ್ಲಾರೆನ್ಸ್ 1302ರಲ್ಲಿ ಗಡೀಪಾರು ಮಾಡಿತು. 1321ರಲ್ಲಿ ರವೆನ್ನಾದಲ್ಲಿ ಸತ್ತ ಕವಿಯ ಸಮಾಧಿಯ ದೀಪಕ್ಕೆ ಪ್ರತಿವರ್ಷ ಎಣ್ಣೆ ಕಳುಹಿಸುವ ಪದ್ಧತಿಯನ್ನು ಆ ನಗರ ಇಂದಿಗೂ ಪಾಲಿಸುತ್ತಿದೆ. ಡಾಂಟೆಯ ಮನೆಯೆಂದು ಅಲ್ಲಿ ತೋರಿಸುವ ಕಟ್ಟಡ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೊಸದಾಗಿ ಕಟ್ಟಿದ್ದು. ಆದರೂ ಜನ ಸಾಲುಗಟ್ಟುತ್ತಾರೆ. ಕುಮಾರವ್ಯಾಸನ ಕಂಬವಾದರೋ ಪೂಜೆ ನಿಲ್ಲದ ದೇವಾಲಯದೊಳಗೇ ಇದೆ. ಅದರ ಎದುರು ಗದುಗಿನ ಭಾರತದ ಗಮಕ ವಾಚನವನ್ನು ಪ್ರವಾಸಿಗರು ಬರುವ ಹೊತ್ತಿಗೆ ನಿತ್ಯ ಅರ್ಧ ತಾಸು ಏರ್ಪಡಿಸಿದರೂ ಸಾಕು, ಲಕ್ಷಾಂತರ ರೂಪಾಯಿಯ ಧ್ವನಿ-ಬೆಳಕಿನ ಪ್ರದರ್ಶನ ಬೇಕಿಲ್ಲ.

ಮೂರು ದಿನದ ಲೆಕ್ಕ

ಗದಗ ಸೀಮೆಯನ್ನು ನೋಡಬೇಕೆನ್ನುವವರು ಮೊದಲು ಬಿಡಬೇಕಾದ ಅಭ್ಯಾಸವೆಂದರೆ ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸುವ ಆತುರ. ಇದಕ್ಕೆ ಮೂರು ದಿನಗಳಾದರೂ ಬೇಕು. ತಂಗಲು ಗದಗ-ಬೆಟಗೇರಿಯೇ ಅನುಕೂಲ. ಹುಬ್ಬಳ್ಳಿ-ಗುಂತಕಲ್ ಮಾರ್ಗಕ್ಕೆ ವಿಜಯಪುರ-ಸೊಲ್ಲಾಪುರದ ಕಡೆಯ ಹಾದಿ ಕೂಡುವ ಜಂಕ್ಷನ್ ಇದು. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಪಟ್ಟಣಗಳಿಗೆ ರೈಲು ಇಲ್ಲ. ವಾಯವ್ಯ ಸಾರಿಗೆ ಬಸ್ಸು ಇಲ್ಲವೇ ಸ್ವಂತ ವಾಹನವೇ ಗತಿ. ಕಾಲದ ವಿಷಯಕ್ಕೆ ಬಂದರೆ ನವೆಂಬರಿನಿಂದ ಫೆಬ್ರುವರಿಯವರೆಗೆ ಉತ್ತಮ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಕಲ್ಲಿನ ಹಾಸಿನ ಮೇಲೆ ಬರಿಗಾಲಿನಲ್ಲಿ ನಡೆಯುವ ಸಾಹಸವನ್ನು ಯಾರಿಗೂ ಸೂಚಿಸುವಂತಿಲ್ಲ.

ಮೊದಲ ದಿನ ಊರಿಗೇ ಮೀಸಲು. ಒಂದೇ ಪೀಠದ ಮೇಲೆ ಮೂರು ಲಿಂಗಗಳಿರುವ ತ್ರಿಕೂಟೇಶ್ವರ, ಅದೇ ಆವರಣದ ಸರಸ್ವತಿ ಗುಡಿ. ಸರಸ್ವತಿಯ ಮೂರ್ತಿ ಭಗ್ನವಾಗಿದೆ. ಆದರೆ ಮುಂದಿನ ಮಂಟಪದ ಕಂಬಗಳ ಕುಸುರಿಯನ್ನು ನೋಡಿದವರಿಗೆ ಚಾಲುಕ್ಯ ಶಿಲ್ಪಿಯ ಕೈ ಎಂತಹುದೆಂದು ಬೇರೆ ಹೇಳಬೇಕಿಲ್ಲ. ಬೆಟಗೇರಿಯ ವೀರಗಲ್ಲುಗಳು, ನೇಕಾರರ ಓಣಿಗಳು ಮಧ್ಯಾಹ್ನದ ಹೊತ್ತಿಗೆ. ಸಂಜೆ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು ಆರಂಭಿಸಿ, 2010ರಲ್ಲಿ ಅಗಲಿದ ಪುಟ್ಟರಾಜ ಗವಾಯಿಗಳು ಬೆಳೆಸಿದ ಈ ಆಶ್ರಮ ಅಂಧ ಮಕ್ಕಳಿಗೆ ಸಂಗೀತದ ಮೂಲಕ ಅನ್ನದ ದಾರಿ ತೋರಿಸಿದ ಸಂಸ್ಥೆ. ಇದನ್ನು ಪ್ರೇಕ್ಷಣೀಯ ಸ್ಥಳವೆಂದು ಭಾವಿಸಿ ಕ್ಯಾಮೆರಾ ಹಿಡಿದು ನುಗ್ಗುವುದು ಸಲ್ಲದು. ಮೊದಲೇ ವಿಚಾರಿಸಿ, ಅಭ್ಯಾಸದ ಹೊತ್ತಿನಲ್ಲಿ ಮೌನವಾಗಿ ಕುಳಿತು ಕೇಳಿ ಬರುವುದು ಸರಿಯಾದ ಕ್ರಮ.

ಎರಡನೆಯ ದಿನ ಲಕ್ಕುಂಡಿ ಮತ್ತು ಡಂಬಳ. ನೂರೊಂದು ಗುಡಿ, ನೂರೊಂದು ಬಾವಿ ಎಂದು ಲಕ್ಕುಂಡಿಯ ಬಗ್ಗೆ ಜನರ ಮಾತು. ಕಾಶಿವಿಶ್ವನಾಥ ದೇವಾಲಯದ ಬಾಗಿಲವಾಡ, ಬ್ರಹ್ಮ ಜಿನಾಲಯದ ಗಾಂಭೀರ್ಯ, ಮಾಣಿಕೇಶ್ವರದ ಮಗ್ಗುಲಿನ ಮುಸುಕಿನ ಬಾವಿ: ಇವಿಷ್ಟಕ್ಕೇ ಅರ್ಧ ದಿನ ಬೇಕು. ಅಲ್ಲಿಂದ ಮುಂಡರಗಿ ತಾಲೂಕಿನ ಡಂಬಳಕ್ಕೆ. ದೊಡ್ಡಬಸಪ್ಪ ದೇವಾಲಯದ ತಳವಿನ್ಯಾಸ 24 ಕೋನಗಳ ನಕ್ಷತ್ರ. ಗೋಡೆಯ ಸುತ್ತ ನಡೆದರೆ ನೆರಳು-ಬೆಳಕು ಹೆಜ್ಜೆಹೆಜ್ಜೆಗೂ ಬದಲಾಗುತ್ತದೆ. ಧ್ಯಾನಕ್ಕೆಂದು ಪುಟ್ಟ ಗೂಡುಗಳಿರುವ ಜಪದ ಬಾವಿಯೂ ಇಲ್ಲೇ. ಈ ಊರಿನಲ್ಲಿ ತಾರಾದೇವಿಯ ಬೌದ್ಧ ವಿಹಾರವಿತ್ತೆಂದು 1095ರ ಶಾಸನ ಹೇಳುತ್ತದೆ. ಬೌದ್ಧ ಧರ್ಮ ಕರ್ನಾಟಕದಿಂದ ಬಹಳ ಹಿಂದೆಯೇ ಮರೆಯಾಯಿತು ಎಂದು ಪಾಠ ಓದಿದವರಿಗೆ ಇದು ಅಚ್ಚರಿ. 1858ರ ಬಂಡಾಯದಲ್ಲಿ ಕೊಪ್ಪಳದ ಕೋಟೆಯಲ್ಲಿ ಹೋರಾಡಿ ಮಡಿದ ಮುಂಡರಗಿ ಭೀಮರಾಯರ ನೆಲವೂ ಇದೇ.

ಮೂರನೆಯ ದಿನದ್ದು ದಕ್ಷಿಣದ ದಾರಿ. ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯದಲ್ಲಿ ನಂದಿಯ ಮೇಲೆ ಕುಳಿತ ಶಿವ-ಪಾರ್ವತಿಯರ ಮೂರ್ತಿಯನ್ನು ಆದಯ್ಯ ಸೌರಾಷ್ಟ್ರದಿಂದ ತಂದನೆಂದು ಪ್ರತೀತಿ. ರಾಘವಾಂಕನ ಸೋಮನಾಥಚರಿತೆಯ ವಸ್ತುವೂ ಇದೇ. ಶೈವ-ಜೈನ ಜಗಳದ ಕಥೆ ಅದು. ಊರಿನಲ್ಲಿ ಇಂದು ನೋಡಿದರೆ ಸೋಮೇಶ್ವರನೂ ಇದ್ದಾನೆ, ಸಹಸ್ರಕೂಟವನ್ನು ಕಾಪಾಡಿಕೊಂಡ ಶಂಖ ಬಸದಿಯೂ ಇದೆ, ಆದಿಲಶಾಹಿ ಕಾಲದ ಜುಮ್ಮಾ ಮಸೀದಿಯೂ ಇದೆ. ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಸೋಮೇಶ್ವರ ದೇವಾಲಯದ ಜೀರ್ಣೋದ್ಧಾರವಾದ ಮೇಲೆ ಹೊರಗಿನವರ ಗಮನ ಇತ್ತ ಹರಿದಿದೆ. ಆದರೆ ಬಂದವರಲ್ಲಿ ಬಹುಪಾಲು ಜನ ಈ ಗುಡಿಯೊಂದನ್ನು ನೋಡಿ ಮರಳುತ್ತಾರೆ. ಪಂಪನ ಭಾಷೆಯ ಊರು ಇದೆಂದು ತಿಳಿದು ಬರುವವರು ವಿರಳ. ಶಿರಹಟ್ಟಿಯ ಫಕೀರೇಶ್ವರ ಮಠ ಹೆಸರಿನಲ್ಲೇ ತನ್ನ ಕಥೆಯನ್ನು ಹೇಳುತ್ತದೆ. ಹಿಂದೂ-ಮುಸ್ಲಿಂ ಭಕ್ತರಿಬ್ಬರೂ ನಡೆದುಕೊಳ್ಳುವ ಈ ಗದ್ದುಗೆ ಯಾವ ಸೌಹಾರ್ದ ಸಮಿತಿಯೂ ಇಲ್ಲದ ಕಾಲದಿಂದ ಬಂದದ್ದು. ಹತ್ತಿರದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಇಳಿಯುತ್ತವೆ. 2024ರಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೆ ಸೇರಿತು. ಹಕ್ಕಿಗಳು ಹೊಲಗಳಿಗೆ ಮೇಯಲು ಹಾರಿ ಹೋಗುವ ಮುನ್ನ, ಬೆಳಗಿನ ಜಾವದಲ್ಲೇ ಅಲ್ಲಿರಬೇಕು.

ನೂರು ಮೀಟರಿನೊಳಗಿನ ಬದುಕು

ಇಷ್ಟೆಲ್ಲ ಇದ್ದು ಜನ ಬಂದರೆ ಊರಿಗೇನು ಲಾಭ ಎಂಬುದು ನಿಜವಾದ ಪ್ರಶ್ನೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿಯಂತೆ ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಲಕ್ಕುಂಡಿಯಂತಹ ಊರಿನಲ್ಲಿ, ಗುಡಿಗೂ ಮನೆಗೂ ಗೋಡೆ ಹಂಚಿಕೊಂಡಂತಿರುವಲ್ಲಿ, ಈ ವೃತ್ತಗಳು ಒಂದರೊಳಗೊಂದು ಸೇರಿಕೊಳ್ಳುತ್ತವೆ. ಮಗನ ಮದುವೆಗೆ ಒಂದು ಕೋಣೆ ಕಟ್ಟಬೇಕೆಂದರೂ ಕಾಯ್ದೆ ಅಡ್ಡ ಬರುತ್ತದೆ. ಕಾಯ್ದೆ ಬೇಕು, ಇಲ್ಲದಿದ್ದರೆ ಉಳಿದ ಗುಡಿಗಳೂ ದನದ ಕೊಟ್ಟಿಗೆಗಳಾಗುತ್ತಿದ್ದವು. ಆದರೆ ಸ್ಮಾರಕಕ್ಕಾಗಿ ಬೆಲೆ ತೆರುತ್ತಿರುವವನಿಗೆ ಸ್ಮಾರಕದಿಂದ ಒಂದು ರೂಪಾಯಿಯೂ ಬಾರದಿದ್ದರೆ ಅವನು ಅದನ್ನು ಏಕೆ ಕಾಯಬೇಕು? ಹೆದ್ದಾರಿಯಿಂದಿಳಿದು ಮುಸುಕಿನ ಬಾವಿಯ ಚಿತ್ರ ತೆಗೆದು ಹಂಪಿಗೆ ಹೋಗುವ ಪ್ರವಾಸಿಯಿಂದ ಊರಿಗೆ ಉಳಿಯುವುದು ನೀರಿನ ಖಾಲಿ ಬಾಟಲಿ.

ವೆನಿಸ್ ಇದಕ್ಕೆ ವಿರುದ್ಧ ತುದಿಯ ಉದಾಹರಣೆ. 2024ರ ಏಪ್ರಿಲ್‌ನಲ್ಲಿ ಆ ನಗರ ಹಗಲು ಬಂದು ಹೋಗುವವರಿಗೆ ದಟ್ಟಣೆಯ ದಿನಗಳಲ್ಲಿ ಐದು ಯೂರೋ ಪ್ರವೇಶ ಶುಲ್ಕ ವಿಧಿಸಿತು. ರಾತ್ರಿ ತಂಗುವವರಿಗೆ ವಿನಾಯಿತಿ. ಹಳೆಯ ನಗರದ ನಿವಾಸಿಗಳ ಸಂಖ್ಯೆ 2022ರ ವೇಳೆಗೆ 50 ಸಾವಿರಕ್ಕಿಂತ ಕೆಳಗಿಳಿದಿತ್ತು. ಮನೆಗಳೆಲ್ಲ ಬಾಡಿಗೆ ಕೋಣೆಗಳಾಗಿ, ಊರು ರಂಗಸಜ್ಜಿಕೆಯಾಗಿ ಉಳಿಯಿತು. 2011ರ ಜನಗಣತಿಯಂತೆ ಸುಮಾರು 1.72 ಲಕ್ಷ ಜನರಿರುವ ಗದಗ-ಬೆಟಗೇರಿಗೆ ಆ ಭಯ ಸದ್ಯಕ್ಕಿಲ್ಲ. ಆದರೂ ವೆನಿಸ್ ಬಹಳ ತಡವಾಗಿ ಕಲಿತದ್ದು ಇಲ್ಲಿಗೂ ಅನ್ವಯಿಸುತ್ತದೆ: ತಂಗದ ಪ್ರವಾಸಿಯಿಂದ ಊರಿಗೆ ಖರ್ಚೇ ಹೆಚ್ಚು. ಬೇಕಿರುವುದು ಒಂದು ರಾತ್ರಿ ಹೆಚ್ಚಾಗಿ ಉಳಿಯುವ ಪ್ರವಾಸಿ, ರೊಟ್ಟಿ ಬಡಿಯುವ ಖಾನಾವಳಿ, ಶಾಸನ ಓದಬಲ್ಲ ಸ್ಥಳೀಯ ಮಾರ್ಗದರ್ಶಿ. ಕೊನೆಯದರ ಕೊರತೆಯೇ ದೊಡ್ಡದು. ಕಾಲೇಜುಗಳಲ್ಲಿ ಇತಿಹಾಸ ಓದಿದ ಹುಡುಗ-ಹುಡುಗಿಯರು ಈ ತಾಲೂಕುಗಳಲ್ಲಿ ಕಡಿಮೆಯೇನಿಲ್ಲ. ಅವರಿಗೆ ತರಬೇತಿ ನೀಡಿ ಪರವಾನಗಿ ಕೊಡುವ ಕೆಲಸಕ್ಕೆ ಕಲ್ಲು-ಗಾರೆಯ ಖರ್ಚೂ ಇಲ್ಲ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯ ಬಳಿಕ ಮಹಿಳೆಯರು ಗುಂಪುಗೂಡಿ ದೇವಸ್ಥಾನಗಳಿಗೆ ಬರುತ್ತಿದ್ದಾರೆ. ಪ್ರವಾಸೋದ್ಯಮದ ಲೆಕ್ಕಾಚಾರದಲ್ಲಿ ಈ ಯಾತ್ರಿಕರನ್ನು ಕಡೆಗಣಿಸಿ ಬರೇ ಕಾರಿನವರನ್ನು ಎಣಿಸುವುದು ಹಳೆಯ ರೋಗ. ಅವರಿಗೆ ಮೊದಲು ಬೇಕಾದದ್ದು ಸ್ವಚ್ಛ ಶೌಚಾಲಯ, ನೆರಳು, ಕುಡಿಯುವ ನೀರು.

ಈ ಸೀಮೆಗೆ ದುಡ್ಡು ತರುವ ಬೇರೆ ದಾರಿಗಳು ಬಾಗಿಲಿಗೆ ಬಂದಿಲ್ಲವೆಂದಲ್ಲ. ಮುಂಡರಗಿ ತಾಲೂಕಿನ ಹಳ್ಳಿಗುಡಿಯ ಬಳಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಭೂಮಿ ಕೊಡಲು ರೈತರು ಒಪ್ಪದೆ 2011ರಲ್ಲಿ ಚಳವಳಿ ನಡೆಯಿತು. ತೋಂಟದ ಸಿದ್ಧಲಿಂಗ ಸ್ವಾಮಿಗಳು ಬೆನ್ನಿಗೆ ನಿಂತರು. 2013ರಲ್ಲಿ ಕಂಪನಿ ಹಿಂದೆ ಸರಿಯಿತು. ಕಪ್ಪತಗುಡ್ಡವನ್ನು 2015ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ ಸರಕಾರವೇ 2016ರಲ್ಲಿ ಆದೇಶ ಹಿಂಪಡೆದು, ಜನ ಬೀದಿಗಿಳಿದ ಮೇಲೆ 2017ರಲ್ಲಿ ಮತ್ತೆ ಘೋಷಿಸಬೇಕಾಯಿತು. 2019ರಲ್ಲಿ 244 ಚದರ ಕಿ.ಮೀ. ವನ್ಯಜೀವಿಧಾಮವಾಯಿತು. ಗುಡ್ಡವನ್ನೂ ಹೊಲವನ್ನೂ ಉಳಿಸಿಕೊಂಡ ಜನರಿಗೆ ಅವುಗಳಿಂದಲೇ ಜೀವನ ನಡೆಯುವಂತಾಗಬೇಕಾದರೆ ಗುಡಿ, ಕೆರೆ, ಗುಡ್ಡಗಳ ಪ್ರವಾಸ ಒಂದು ಆಸರೆಯಾಗಬಲ್ಲದು. ಅದೊಂದೇ ಸಾಲದು, ನಿಜ.

2023ರ ಸರಕಾರದಲ್ಲಿ ಪ್ರವಾಸೋದ್ಯಮ ಖಾತೆ ಗದಗದ ಶಾಸಕ ಎಚ್.ಕೆ. ಪಾಟೀಲರ ಕೈಗೆ ಬಂದಿತು. ಲಕ್ಕುಂಡಿಯಲ್ಲಿ ಮನೆಮನೆಗಳಲ್ಲಿ ಚದುರಿದ್ದ ಶಿಲ್ಪಗಳನ್ನು ಒಟ್ಟುಗೂಡಿಸುವ ಕೆಲಸ ನಡೆದು, 2025ರಲ್ಲಿ ಉತ್ಖನನವೂ ಆರಂಭವಾಯಿತು. ನೆಲದಡಿ ಏನು ಸಿಗುವುದೆಂಬ ಕುತೂಹಲ ಸಹಜವೇ. ನೆಲದ ಮೇಲಿರುವವರ ಆತಂಕವೂ ಅಷ್ಟೇ ಸಹಜ. 2011ರ ಜುಲೈನಲ್ಲಿ ಹಂಪಿಯ ವಿರೂಪಾಕ್ಷ ಬಜಾರಿನಲ್ಲಿ ಜೆಸಿಬಿ ಓಡಿದ್ದನ್ನು, ತಲೆಮಾರುಗಳಿಂದ ಅಲ್ಲಿದ್ದವರು ಒಂದೇ ದಿನದಲ್ಲಿ ಬೀದಿಗೆ ಬಿದ್ದದ್ದನ್ನು ಈ ಭಾಗದವರು ಮರೆತಿಲ್ಲ. ಅಗೆಯುವ ಜಾಗ ಎಷ್ಟು, ಯಾರ ಮನೆಗಳು ಅದರೊಳಗೆ ಬರುತ್ತವೆ, ಬಂದರೆ ಪರಿಹಾರವೇನು, ಪರ್ಯಾಯ ನಿವೇಶನ ಎಲ್ಲಿ ಎಂಬುದನ್ನು ಗ್ರಾಮಸಭೆಯ ಮುಂದಿಟ್ಟು ಲಿಖಿತವಾಗಿ ಹೇಳುವುದು ಮುಂದಿನ ಗುದ್ದಲಿ ಏಟಿಗಿಂತ ಮೊದಲು ಆಗಬೇಕಾದ ಕೆಲಸ.