ಬೂಷ್ಟು ಹಿಡಿಯುವ ಮುನ್ನ

ಅಡಿಕೆ ಸುಲಿಯುವ ರಾತ್ರಿಗಳಲ್ಲಿ ನಮ್ಮ ಮನೆಯಲ್ಲಿ ಇಂದಿಗೂ ತಾಳಮದ್ದಳೆಯ ಕ್ಯಾಸೆಟ್ಟೇ ಜೊತೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತಿಕೆ, ಮದ್ದಳೆ, ಮಾತು, ಇಷ್ಟೇ. ಕಿವಿಗೆಂದೇ ಹುಟ್ಟಿದ ನಾಟಕವಿದು. 'ವಾಲಿವಧೆ'ಯಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯು ರಾಮನನ್ನು ಪ್ರಶ್ನಿಸತೊಡಗಿದರೆ ಸುಲಿಯುವ ಕೈ ತಾನಾಗಿ ನಿಲ್ಲುತ್ತದೆ.

ಪದ್ಯಗಳು ಪುಸ್ತಕದಲ್ಲಿವೆ, ಅರ್ಥ ಮಾತ್ರ ಆಯಾ ರಾತ್ರಿಯ ಆಶುಮಾತು. ಶೇಣಿಯವರು 2006ರಲ್ಲಿ ತೀರಿಕೊಂಡರು. ಟೇಪು ಹಾಳಾದರೆ ಆ ಮಾತು ಮತ್ತೆ ಸಿಗದು. ಕಳೆದ ಮಳೆಗಾಲದಲ್ಲಿ ನನ್ನ ನಾಲ್ಕು ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯಿತು. ಕಾಫಿಗೂ ಅಡಿಕೆಗೂ ತೇವ ತಾಗದಂತೆ ಕಾಯುವ ನಾವು ಇವನ್ನೇಕೆ ಅಟ್ಟದಲ್ಲಿ ಬಿಟ್ಟಿದ್ದೇವೆ? ಕ್ಯಾಸೆಟ್ಟು ಉಳ್ಳವರು ಬರುವ ಮಳೆಗೆ ಮುನ್ನ ಪೆನ್‌ಡ್ರೈವಿಗೆ ಪ್ರತಿ ಮಾಡಿಸಿಕೊಳ್ಳಬೇಕೆಂದು ವಿನಂತಿ.

– ಕಾರ್ಯದರ್ಶಿ