ಕಾಲು ಕಳೆದುಕೊಂಡವನ ಕಾಸಿಗೂ ಕಂದಾಯವೇ?

ಅಂಗವಿಕಲರಿಗೆ ಬರುವ ದುಡ್ಡಿಗೂ ಇನ್‌ಕಂ ಟ್ಯಾಕ್ಸ್ ಕಟ್ಟಬೇಕೆ? ಅಂಗಡಿ ಕಟ್ಟೆಯ ಮೇಲೆ, ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಆಗಾಗ ಏಳುವ ಪ್ರಶ್ನೆ ಇದು. ‘ಛೆ ಛೆ, ಅಂಥವರ ದುಡ್ಡು ಮುಟ್ಟೋಕೆ ಸರಕಾರಕ್ಕೆ ಮನಸ್ಸು ಬರುತ್ತಾ?’ ಅನ್ನುವವರಿದ್ದಾರೆ. ‘ಬಿಡಿ ಸ್ವಾಮಿ, ಸರಕಾರ ಯಾರನ್ನು ತಾನೇ ಬಿಟ್ಟಿದೆ?’ ಅನ್ನುವವರೂ ಇದ್ದಾರೆ. ಇಬ್ಬರ ಮಾತೂ ಅರ್ಧ ನಿಜ. ಯಾಕೆಂದರೆ ಅಂಗವಿಕಲರ ದುಡ್ಡು ಎಂಬುದು ಒಂದೇ ಬಾಬ್ತಲ್ಲ. ಬೇರೆ ಬೇರೆ ದಾರಿಯಿಂದ ಬರುವ ದುಡ್ಡಿಗೆ ಬೇರೆ ಬೇರೆ ಕಾನೂನು. ಒಂದೊಂದಾಗಿ ನೋಡೋಣ.

ಮಾಸಾಶನಕ್ಕೆ ಹೆದರಬೇಡಿ

ಮೊದಲನೆಯದು ತಿಂಗಳ ಮಾಸಾಶನ. ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲ ಪಿಂಚಣಿ ಯೋಜನೆಯಲ್ಲಿ ದಿಲ್ಲಿಯ ಪಾಲು ತಿಂಗಳಿಗೆ 300 ರೂಪಾಯಿ. ಅದೂ ಬಡತನ ರೇಖೆಯ ಕೆಳಗಿದ್ದು, ಶೇ. 80ರಷ್ಟು ಅಂಗವಿಕಲತೆ ಇರುವವರಿಗೆ. ಇದರ ಮೇಲೆ ರಾಜ್ಯ ಸರಕಾರ ತನ್ನ ಪಾಲು ಸೇರಿಸಿ ಕೊಡುತ್ತದೆ. ಎಲ್ಲಾ ಕೂಡಿ ತಿಂಗಳಿಗೆ 2,000 ಅಂತಲೇ ಇಟ್ಟುಕೊಳ್ಳಿ. ವರ್ಷಕ್ಕೆ 24,000 ಆಯಿತು. ತೆರಿಗೆಯ ಗೆರೆ ಇರುವುದು ಲಕ್ಷಗಳಲ್ಲಿ. ಈ ದುಡ್ಡು ಅದರ ಹತ್ತಿರವೂ ಸುಳಿಯುವುದಿಲ್ಲ. ಮಾಸಾಶನ ಪಡೆಯುವವರಿಗೆ ‘ತೆರಿಗೆ ನೋಟೀಸು ಬರುತ್ತೆ’ ಎಂದು ಯಾರಾದರೂ ಹೆದರಿಸಿ ಕಾಸು ಕೇಳಿದರೆ ಬಾಗಿಲು ತೋರಿಸಿ.

ನೌಕರಿಯ ಪಿಂಚಣಿ ಮಾತ್ರ ಹಾಗಲ್ಲ. ಕಚೇರಿಯಲ್ಲಿ ದುಡಿದವನು ಕೈಲಾಗದೆ ಕೆಲಸ ಬಿಟ್ಟು ಪಡೆಯುವ ಸಾಮಾನ್ಯ ಪಿಂಚಣಿ ಸಂಬಳದ ಲೆಕ್ಕದಲ್ಲೇ ತೆರಿಗೆಗೆ ಬರುತ್ತದೆ. ಸೈನಿಕರ ಅಂಗವಿಕಲ ಪಿಂಚಣಿಯದು ಬೇರೆಯೇ ವ್ಯಾಜ್ಯ. ಗಾಯದಿಂದ ಸೇವೆ ಬಿಟ್ಟವರಿಗೆ ಮಾತ್ರ ವಿನಾಯಿತಿ, ಅವಧಿ ಮುಗಿಸಿ ನಿವೃತ್ತರಾದವರಿಗೆ ಇಲ್ಲ ಎಂದು 2019ರ ಜೂನ್‌ನಲ್ಲಿ ತೆರಿಗೆ ಮಂಡಳಿ ಸುತ್ತೋಲೆ ಹೊರಡಿಸಿದ್ದೇ ತಡ, ಮಾಜಿ ಸೈನಿಕರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಅದನ್ನು ಬರೆಯಲು ಇನ್ನೊಂದು ದಿನ ಬೇಕು.

ಅಪಘಾತದ ಬಡ್ಡಿಗೆ ಕತ್ತರಿ

ದಿನಾ ಬಸ್ಸಿನಲ್ಲಿ ಓಡಾಡುವವರು ಇದನ್ನು ಗಮನಿಸಬೇಕು. ರಸ್ತೆ ಅಪಘಾತದಲ್ಲಿ ಕಾಲು ಕಳೆದುಕೊಂಡವನಿಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಕೊಡಿಸುವ ಪರಿಹಾರ ವರಮಾನವಲ್ಲ. ಅದು ಹೋದ ಕಾಲಿನ ಬೆಲೆ. ಅದಕ್ಕೆ ತೆರಿಗೆ ಇಲ್ಲ. ಆದರೆ ಕೇಸು ವರ್ಷಗಟ್ಟಲೆ ಎಳೆದಾಡಿದ್ದಕ್ಕೆ ಅಸಲಿನ ಜೊತೆ ಬಡ್ಡಿ ಸೇರುತ್ತದಲ್ಲ, ಇಲಾಖೆಯ ಕಣ್ಣು ಬಿದ್ದದ್ದು ಅದರ ಮೇಲೆ.

ಬಡ್ಡಿ 50,000 ರೂಪಾಯಿ ದಾಟಿದರೆ ವಿಮಾ ಕಂಪನಿ ಶೇ. 10ರಷ್ಟು ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಿತ್ತು. ಪ್ಯಾನ್ ಕಾರ್ಡು ಇಲ್ಲದಿದ್ದರೆ ಶೇ. 20. ಕೂಲಿ ಮಾಡುವವನ ಹತ್ತಿರ ಪ್ಯಾನ್ ಎಲ್ಲಿಂದ ಬರಬೇಕು? ಎರಡು ಲಕ್ಷ ಬಡ್ಡಿ ಬಂದರೆ ನಲವತ್ತು ಸಾವಿರ ಅಲ್ಲೇ ಹೋಯಿತು. ಅದನ್ನು ವಾಪಸು ಪಡೆಯಲು ರಿಟರ್ನ್ ಸಲ್ಲಿಸಬೇಕು. ಜನ್ಮದಲ್ಲಿ ತೆರಿಗೆ ಕಚೇರಿಯ ದಾರಿ ಕಾಣದವನು, ಊರುಗೋಲು ಹಿಡಿದುಕೊಂಡು ಆಡಿಟರ ಬಾಗಿಲಿಗೆ ಅಲೆಯಬೇಕು. ಕೇಸು ತಡವಾದದ್ದು ಅವನ ತಪ್ಪೇ?

ಕೇಸು ಹಾಕಿದ ದಿನದಿಂದ ತೀರ್ಪಿನವರೆಗಿನ ಬಡ್ಡಿಯೂ ಪರಿಹಾರದ ಭಾಗವೇ, ಅದಕ್ಕೆ ತೆರಿಗೆ ಇಲ್ಲ ಎಂದು 2019ರಲ್ಲೇ ಬಾಂಬೆ ಹೈಕೋರ್ಟ್ ಹೇಳಿತು. ದಿಲ್ಲಿಗೆ ಅದು ಕೇಳಿಸಲು ಏಳು ವರ್ಷ ಬೇಕಾಯಿತು. 2026ರ ಫೆಬ್ರವರಿ 1ರ ಬಜೆಟ್ ಭಾಷಣದಲ್ಲಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರು, ವ್ಯಕ್ತಿಗಳಿಗೆ ನ್ಯಾಯಮಂಡಳಿ ಕೊಡಿಸುವ ಬಡ್ಡಿಗೆ ತೆರಿಗೆಯೂ ಬೇಡ, ಮೂಲದಲ್ಲಿ ಕಡಿತವೂ ಬೇಡ ಎಂಬ ಪ್ರಸ್ತಾಪ ಮುಂದಿಟ್ಟರು. ತಡವಾದರೂ ಒಳ್ಳೆಯ ಮಾತೇ.

ಒಂದು ಕೈಯಲ್ಲಿ ಕೊಟ್ಟು...

ಇನ್ನು ದುಡಿದು ತಿನ್ನುವ ಅಂಗವಿಕಲರ ವಿಚಾರ. 1961ರ ಆದಾಯ ತೆರಿಗೆ ಕಾಯ್ದೆಯ 80-ಯು ಕಲಮಿನಲ್ಲಿ ಇವರಿಗೊಂದು ಕಡಿತ ಇತ್ತು. ಶೇ. 40 ಅಥವಾ ಹೆಚ್ಚು ಅಂಗವಿಕಲತೆಗೆ 75,000 ರೂಪಾಯಿ, ಶೇ. 80 ದಾಟಿದರೆ 1,25,000. ಬಿಲ್ಲು, ರಸೀದಿ ಏನೂ ಬೇಡ, ಸರ್ಟಿಫಿಕೇಟು ಇದ್ದರೆ ಸಾಕು. ಅಂಗವಿಕಲ ಮಗುವನ್ನೋ ಹೆಂಡತಿಯನ್ನೋ ಸಾಕುವವರಿಗೆ 80-ಡಿಡಿ ಕಲಮಿನಲ್ಲಿ ಇಷ್ಟೇ ಕಡಿತ. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಜಾರಿ ಎಂದಾಗ ಕಲಮಿನ ನಂಬರು ಬದಲಾಯಿತು, ಕಡಿತ ಉಳಿಯಿತು.

ಉಳಿಯಿತು ನಿಜ, ಯಾರಿಗೆ? ಹಳೇ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಮಾತ್ರ. 2023-24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯ. ಅದರಲ್ಲಿ ಈ ಎರಡು ಕಡಿತಗಳೂ ಇಲ್ಲ. 12 ಲಕ್ಷದವರೆಗೆ ತೆರಿಗೆ ಇಲ್ಲವಲ್ಲ, ಇನ್ನೇನು ಬೇಕು ಎನ್ನಬಹುದು. ನಮ್ಮ ಪೇಟೆಯ ಬಹುಪಾಲು ಅಂಗಡಿಯವರಿಗೆ ಆ ಮಾತು ಸರಿಯೇ. ಆದರೆ ನ್ಯಾಯದ ಲೆಕ್ಕ ಬೇರೆ. ಒಂದೇ ಬೀದಿಯಲ್ಲಿ ಇಬ್ಬರು ವ್ಯಾಪಾರಿಗಳು, ಇಬ್ಬರಿಗೂ ವರ್ಷಕ್ಕೆ 14 ಲಕ್ಷ ವರಮಾನ ಅಂದುಕೊಳ್ಳಿ. ಒಬ್ಬ ಗಟ್ಟಿಮುಟ್ಟು. ಇನ್ನೊಬ್ಬನಿಗೆ ಬಸ್ಸಿನ ಮೆಟ್ಟಿಲು ಹತ್ತಲಾಗದೆ ದಿನಾ ಆಟೋ, ಮೂಟೆ ಎತ್ತಲು ಆಳು, ಮೇಲೆ ವೀಲ್‌ಚೇರಿನ ರಿಪೇರಿ. ಹೊಸ ಪದ್ಧತಿಗೆ ಇಬ್ಬರೂ ಒಂದೇ!

ಹಳೇ ಪದ್ಧತಿಯಲ್ಲೂ ಒಂದು ವಕ್ರ ಇದೆ. ಎಂಟು ಲಕ್ಷ ವರಮಾನದವನಿಗೆ ಶೇ. 20ರ ದರದಲ್ಲಿ 75,000ದ ಕಡಿತದಿಂದ ಉಳಿಯುವುದು 15,000 ರೂಪಾಯಿ. ಹದಿನೈದು ಲಕ್ಷದವನಿಗೆ ಶೇ. 30ರ ದರದಲ್ಲಿ 22,500. ವರಮಾನವೇ ಇಲ್ಲದವನಿಗೆ? ಸೊನ್ನೆ. ಹೆಚ್ಚು ಇದ್ದವನಿಗೆ ಹೆಚ್ಚು, ಇಲ್ಲದವನಿಗೆ ಇಲ್ಲವೇ ಇಲ್ಲ. ಅವನ ಪಾಲಿಗಿರುವುದು ದಿಲ್ಲಿಯ ಆ 300 ರೂಪಾಯಿ ಮತ್ತು ರಾಜ್ಯ ಕೊಟ್ಟಷ್ಟು.

ಅಂಗಡಿಯವರು ಇನ್ನೊಂದು ಮಾತು ನೆನಪಿಡಬೇಕು. ಸಂಬಳದವರು ವರ್ಷ ವರ್ಷ ಹಳೇದೋ ಹೊಸದೋ ಆರಿಸಿಕೊಳ್ಳಬಹುದು. ವ್ಯಾಪಾರದ ವರಮಾನ ಇರುವವರಿಗೆ ಆ ಸಲಿಗೆ ಇಲ್ಲ. ಹಳೇ ಪದ್ಧತಿಗೆ ಹೋದವರು ಹೊಸದಕ್ಕೆ ಒಮ್ಮೆ ಮರಳಿದರೆ ಮುಗಿಯಿತು, ವ್ಯಾಪಾರ ಇರುವಷ್ಟು ದಿನ ಅಲ್ಲೇ. ಆದ್ದರಿಂದ ಎರಡೂ ಲೆಕ್ಕ ಹಾಕಿಸಿ, ಆಮೇಲೆ ರುಜು ಹಾಕಿ.

ಕೇಳಿದರೆ ಸಿಗುತ್ತದೆ

ಕಾನೂನು ಕಲ್ಲಲ್ಲ ಎನ್ನುವುದಕ್ಕೆ ಒಂದು ಉದಾಹರಣೆ. ಅಂಗವಿಕಲ ಮಗುವಿಗಾಗಿ ತಂದೆ ವಿಮೆ ಕಟ್ಟಿ 80-ಡಿಡಿ ಕಡಿತ ಪಡೆದರೆ, ದುಡ್ಡು ಮಗುವಿನ ಕೈಗೆ ಬರಬೇಕಾದರೆ ತಂದೆ ಸಾಯಬೇಕಿತ್ತು! ತಂದೆ ಬದುಕಿದ್ದಾಗ ಮಗು ಉಪವಾಸ ಇರಬಹುದೇ ಎಂದು ಒಬ್ಬರು ಸುಪ್ರೀಂ ಕೋರ್ಟಿಗೆ ಹೋದರು. 2019ರ ಜನವರಿಯಲ್ಲಿ ಕೋರ್ಟು, ಕಾನೂನು ರದ್ದು ಮಾಡಲಾಗದು, ಆದರೆ ಸರಕಾರ ಯೋಚನೆ ಮಾಡಲಿ ಎಂದಿತು. 2022ರ ಹಣಕಾಸು ಕಾಯ್ದೆಯಲ್ಲಿ ತಿದ್ದುಪಡಿ ಬಂತು. ವಿಮೆ ಕಟ್ಟಿದವರಿಗೆ 60 ತುಂಬಿದ ಮೇಲೆ ಅವರು ಬದುಕಿರುವಾಗಲೇ ಮಗುವಿಗೆ ಹಣ ಸಿಗುವಂತಾಯಿತು.

ಅಪಘಾತದ ಬಡ್ಡಿಯೂ ಹಾಗೆಯೇ, ಕೇಳಿದವರಿದ್ದರು, ಬದಲಾಯಿತು. ಹಾಗಾದರೆ ಹೊಸ ಪದ್ಧತಿಯಲ್ಲಿ ಈ ಕಡಿತ ಯಾಕಿಲ್ಲ ಎಂದು ನಮ್ಮ ಸಂಸದರು ಲೋಕಸಭೆಯಲ್ಲಿ ಒಂದು ಪ್ರಶ್ನೆ ಕೇಳಬಾರದೇ? 300 ರೂಪಾಯಿಯಲ್ಲಿ ಯಾರು ತಿಂಗಳು ಕಳೆಯುತ್ತಾರೆ ಎಂದು ಇನ್ನೊಂದು ಪ್ರಶ್ನೆ ಸೇರಿಸಬಾರದೇ? ಓಟು ಕೇಳಲು ಬಂದಾಗ ಗಾಡಿ ಮಾಡಿ ಅಂಗವಿಕಲರನ್ನು ಬೂತಿಗೆ ಕರೆದೊಯ್ಯುವವರಿಗೆ ಇಷ್ಟು ಮಾಡುವುದು ಕಷ್ಟವೇನಲ್ಲ.

ಅಲ್ಲಿಯವರೆಗೆ ನಿಮ್ಮ ಕೈಲಾಗುವ ಕೆಲಸ ಒಂದಿದೆ. ಜಿಲ್ಲಾಸ್ಪತ್ರೆಯ ಸರ್ಟಿಫಿಕೇಟು, ಯು.ಡಿ.ಐ.ಡಿ. ಕಾರ್ಡು ಎರಡನ್ನೂ ಮಾಡಿಸಿಟ್ಟುಕೊಳ್ಳಿ. ಸರ್ಟಿಫಿಕೇಟಿಗೆ ವಾಯಿದೆ ಇದ್ದರೆ ಮುಗಿಯುವ ಮುಂಚೆ ಹೊಸದು ಮಾಡಿಸಿ. ಕಾಗದ ಇಲ್ಲದವನ ಕುಂಟು ಕಾಲು ಕಚೇರಿಗೆ ಕಾಣಿಸುವುದಿಲ್ಲ.